ಸಿದ್ದರಾಜುವಿನ ಪ್ರಾಸವಿಲ್ಲದ ಪದ್ಯ

ಪೇಂಟ್ ಮಾಡಿಸಲೆಂದು ನಿನ್ನೆ ಬೆಳಿಗ್ಗೆ ಗೋಡೆಯ ಫೋಟೊಗಳನ್ನು ಇಳಿಸುವಾಗ, ನಮ್ಮ ಮದುವೆಯಲ್ಲಿ ಗೆಳೆಯ ಸಿದ್ದರಾಜು ಓದಿದ್ದ ಪದ್ಯದ ಫ್ರೇಮು ಕೈಗೆ ಬಂತು. ಅಂಥದೊಂದು ನಿಮ್ಮ ಮನೆಯಲ್ಲೂ ಇರಬಹುದು. ನನ್ನಂಥ ಸಿಡುಕನನ್ನು ಅದರಲ್ಲಿ ‘ಗುಣನಿಧಿ’ ಮಾಡಿದ್ದಾನೆ. ಮುಂದಿನ ಸಾಲಿನಲ್ಲಿ ‘ವಿಧಿ’ ಇತ್ತು, ಅಷ್ಟೇ ಕಾರಣ. ಜಗಳ ಬಂದಾಗ ನನ್ನ ಹೆಂಡತಿ ಈಗಲೂ ಆ ಬಿರುದಿನಿಂದಲೇ ಕರೆಯುತ್ತಾಳೆ.

ಅಶೋಕಪುರಂನ ನಮ್ಮ ಬೀದಿಗಳಲ್ಲಿ ಸಿದ್ದರಾಜುವಿನ ಪದ್ಯವಿಲ್ಲದೆ ಮದುವೆ, ಗೃಹಪ್ರವೇಶ ಯಾವುದೂ ನಡೆಯುತ್ತಿರಲಿಲ್ಲ. ಎಲ್ಲಕ್ಕೂ ಒಂದೇ ಧಾಟಿ. ಕೇಳುವವರ ಕೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮುಕ್ತಛಂದದಲ್ಲಿ ಬರೆಯುವವರು ಸೋಮಾರಿಗಳೆಂದು ನಾವಿಬ್ಬರೂ ನಗುತ್ತಿದ್ದೆವು.

ಅವನ ಒಬ್ಬಳೇ ಮಗಳು ಗೌತಮಿ, ಇನ್ನೂ ಶಾಲೆಗೆ ಹೋಗುವ ವಯಸ್ಸು, ಜ್ವರ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ಗಳಿಗೆಯಲ್ಲಿ ಪಕ್ಕದಲ್ಲಿದ್ದವನು ಸಿದ್ದರಾಜು ಒಬ್ಬನೇ. ಹೆಂಡತಿ ಪುಟ್ಟಮ್ಮ ಗಂಜಿ ತರಲು ಮನೆಗೆ ಹೋಗಿದ್ದರು. ಮಗು ಕೊನೆಗೆ ಏನಂತು ಎಂದು ಅವರು ಎಷ್ಟು ಸಲ ಕೇಳಿದರೂ, ನಿದ್ದೆಯಲ್ಲೇ ಹೋಯಿತು ಎಂದಷ್ಟೇ ಅವನು ಹೇಳುತ್ತಿದ್ದ.

ಅವಳು ಹೋಗಿ ವರ್ಷ ತುಂಬಿದ ದಿನ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಮಗಳ ಬಗ್ಗೆ ಬರೆದ ಕಥನಕವನ ಓದಿದ. ಮಗು ಹುಟ್ಟಿತು, ನಡೆಯಿತು, ಶಾಲೆಗೆ ಹೋಯಿತು, ಪ್ರಾಸದ ಮೇಲೆ ಪ್ರಾಸ. ಸಾವಿನ ಹೊತ್ತಿಗೂ ‘ನಗೆ’ ಬಂತು, ಅದರ ಹಿಂದೆಯೇ ‘ಮಲ್ಲಿಗೆ’ ಬಂತು. ನೋಡಿಕೊಂಡರೆ ನನ್ನ ಕೈಯೂ ತಾಳ ಹಾಕುತ್ತಿತ್ತು. ಪುಟ್ಟಮ್ಮ ಎದ್ದು ನಿಂತರು.

“ಎಲ್ಲಾರ ಮದ್ವೇಲೂ ಇದೇ ರಾಗ. ನನ್ ಮಗೀಗೂ ಇದೇನಾ?”

ಆಮೇಲೆ ಅವನು ಬಹಳ ಕಾಲ ಬರೆಯಲಿಲ್ಲ. ಬರೆದಾಗ ಪ್ರಾಸವಿರಲಿಲ್ಲ, ಧಾಟಿಯೂ ಇರಲಿಲ್ಲ. ಪುಟ್ಟಮ್ಮನವರನ್ನೂ ನನ್ನನ್ನೂ ಮಾತ್ರ ಕೂರಿಸಿಕೊಂಡು ಓದಿದ. ಸಾಲಿಗೆ ಎರಡು ಮೂರು ಪದ, ಆಮೇಲೆ ಮೌನ. ತಾಳಕ್ಕೆ ಏನೂ ಸಿಗದೆ ಸುಮ್ಮನೆ ಕೇಳಬೇಕಾಯಿತು.

ಅಮ್ಮ ಎಲ್ಲಿ ಅಂದಳು.
ಬರ್ತಾಳೆ ಅಂದೆ.
ಬಾಗಿಲ ಕಡೆ ತಿರುಗಿದಳು.
ಮತ್ತೆ ಕೇಳಲಿಲ್ಲ.

ಇದು ಗೊತ್ತಾದರೆ ಹೆಂಡತಿ ಉಳಿಯುವುದಿಲ್ಲ ಎಂದೇ ಅವನು ಅಷ್ಟು ಕಾಲ ಮುಚ್ಚಿಟ್ಟಿದ್ದ. ಪುಟ್ಟಮ್ಮ ಗೋಡೆಗೊರಗಿ ಅತ್ತರು.

“ನನ್ನ ನೆನೀದೇನೆ ಹೋಗ್ಬುಟ್ಲು ಅಂದ್ಕಂಡಿದ್ನಲ್ಲಾ” ಎಂದರು.

ನಿನ್ನೆ ಸಂಜೆ ಮನಸ್ಸು ತಡೆಯದೆ ಅವರ ಮನೆಗೆ ಹೋದೆ. ಪುಟ್ಟಮ್ಮ ಆ ಪದ್ಯವನ್ನು ಈಗಲೂ ಆಗಾಗ ಓದಿಸುತ್ತಾರೆ. ಸಿದ್ದರಾಜು ಓದಿದ. ‘ಅಮ್ಮ ಎಲ್ಲಿ ಅಂದಳು’ ಎಂಬ ಸಾಲು ಮುಗಿದ ಕಡೆ ನಿಂತ. ಪ್ರಾಸವಿದ್ದಿದ್ದರೆ ನಿಲ್ಲಲು ಬಿಡುತ್ತಿರಲಿಲ್ಲ. ಆ ಬಿಡುವಿನಲ್ಲಿ, ಅಡುಗೆಮನೆಯೊಳಗಿನಿಂದ ಪುಟ್ಟಮ್ಮ ಮೆಲ್ಲಗೆ ಹೇಳಿದ್ದು ಕೇಳಿಸಿತು.

“ಇಲ್ಲೇ ಇವ್ನಿ ಕಣವ್ವ.”