ಹಿಂದಿನ ಸೀಟಿನಲ್ಲಿ ಮೆಕ್ಯಾನಿಕ್‌ನ ಅವ್ವ

ಸಂಡೂರಿನ ಘಾಟ್ ಇಳಿಯುತ್ತಿದ್ದಾಗ ತಿರುವಿನಲ್ಲಿ ರಸ್ತೆ ತುಂಬ ಎಮ್ಮೆಗಳು! ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಎಪ್ಪತ್ತರ ದಶಕದಲ್ಲಿ ಕಂಪ್ಲಿಯ ರೈಸ್‌ಮಿಲ್ ಸಾಹುಕಾರರಿಂದ ನಾವು ಕೊಂಡ ಆ ವಿಂಟೇಜ್ ಕಾರಿನ ತುಕ್ಕು, ಮಾಸಿದ ಪೇಂಟ್ ಹಾಗೇ ಇದ್ದವು. ಎಂಜಿನ್, ಬ್ರೇಕ್ ಮಾತ್ರ ಹೊಸವು. ಅವನ್ನು ಕೂಡಿಸಿದ ಹೊಸಪೇಟೆಯ ಮೆಕ್ಯಾನಿಕ್ ಈರಣ್ಣ, ಮೊದಲ ಟ್ರಯಲ್‌ಗೆ ತನ್ನ ತಾಯಿಯನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿದ್ದ. ಪ್ರತಿ ಗಾಡಿಗೂ ಅದೇ ಅವನ ಪದ್ಧತಿ. “ನಮ್ಮವ್ವನ್ನ ಕುಂದ್ರಿಸೀನ್ರಿ ಅಕ್ಕಾರ, ಇನ್ನೇನು ಗ್ಯಾರಂಟಿ ಬೇಕ್ರಿ?” ಎಂದಿದ್ದ.

‘ಓ ಗಾಡ್!’ ಎನ್ನುತ್ತ ಬ್ರೇಕ್ ತುಳಿದೆ. ಕೊಂಬಿಗೂ ಬಾನೆಟ್ಟಿಗೂ ಗೇಣು ಅಂತರವಿರುವಾಗ ಕಾರು ನಿಂತಿತು. ನಿದ್ದೆಯಿಂದೆದ್ದ ಅವ್ವ ಕೇಳಿದರು: “ಯಾಕ ನಿಲ್ಲಿಸಿದ್ಯವ್ವಾ, ಸಂಡೂರು ಬಂತೇನು?”

ಈಗಲೂ ಯಾರಾದರೂ ಗ್ಯಾರಂಟಿ ಕಾರ್ಡ್ ಕೈಗಿಟ್ಟರೆ, ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದ ಆ ಅವ್ವನನ್ನೇ ನನ್ನ ಕಣ್ಣು ಹುಡುಕುತ್ತದೆ.