ನಾಲ್ಕು ಉತ್ತರ, ಮೂರು ಬಲೆ

ನಮ್ಮ ಸೊಸೆ ಫ್ಯಾಕ್ಟರಿಯಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು, "ಮಾವ, ಲೈಸೆನ್ಸ್ ಪರೀಕ್ಷೆ ಕಂಪ್ಯೂಟರಿಗೆ ಹೋಯ್ತು" ಅಂದಳು. ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. ಎಂಟು ವರ್ಷ ನನ್ನ ಜೊತೆ ಒಂದೇ ಮನೇಲಿದ್ದು ಕೊನೆಗೂ ಏನೋ ಕಲಿತಳಲ್ಲ ಅಂತ ಹೆಮ್ಮೇನೂ ಆಯ್ತು.

"ಮುಖ ಚೆನ್ನಾಗಿ ಇಟ್ಕೊಂಡಿದ್ದೀಯ ಕಣಮ್ಮ. ಆದ್ರೆ ಬಾಯ್ಲರ್ ಪರೀಕ್ಷೆ ಕಂಪ್ಯೂಟರಲ್ಲಿ ಅಂದ್ರೆ ಯಾರು ನಂಬ್ತಾರೆ? ಸುಳ್ಳು ಹೇಳಿದ್ರೆ ನಂಬೋ ಹಾಗಿರ್ಬೇಕು" ಅಂತ ಪಾಠಾನೂ ಮಾಡ್ದೆ.

ಅವಳು ಫೋನಲ್ಲಿ ಬಂದಿದ್ದ ನೋಟಿಸನ್ನ ನನ್ನ ಮೂಗಿನ ಹತ್ರ ಹಿಡಿದಳು. ಕನ್ನಡಕ ಹುಡುಕಿ ಹಾಕ್ಕೊಂಡು ಓದಿದೆ. ಇನ್ನೊಂದ್ಸಲ ಓದಿದೆ. ಬರೆಯೋ ಪೇಪರೇ ಇಲ್ಲ. ನೂರು ಪ್ರಶ್ನೆ, ಎರಡು ಗಂಟೆ. ಒಂದೊಂದಕ್ಕೂ ನಾಲ್ಕು ಉತ್ತರ ಅವರೇ ಕೊಟ್ಟಿರ್ತಾರೆ, ಸರಿಯಾದ್ದನ್ನ ಒತ್ತಬೇಕು. ತಪ್ಪು ಒತ್ತಿದ್ರೆ ಕಾಲು ಮಾರ್ಕು ಕಟ್. ಪಾಸಾಗೋಕೆ ಅರವತ್ತು. ನನ್ನ ನಗು ಎಲ್ಲಿ ಹೋಯ್ತೋ ಗೊತ್ತಿಲ್ಲ.

ನಾನ್ಯಾರು ಅಂತ ಹೇಳ್ಬೇಕಲ್ಲ. ಮೈಸೂರಿಂದ ಬಂದು ಬೈಕುಲ್ಲಾದಲ್ಲಿ ಮೂವತ್ತಾರು ವರ್ಷ ಬಾಯ್ಲರ್ ಓಡಿಸ್ದವನು. ಒಂದು ದಿನ ಸ್ಟೀಮ್ ನಿಂತಿಲ್ಲ, ಒಂದು ದಿನ ನನ್ನ ತಮಾಷೆಯೂ ನಿಂತಿಲ್ಲ. ಹೊಸದಾಗಿ ಸೇರಿದ ಇಂಜಿನಿಯರುಗಳಿಗೆ ಎರಡು ಬಕೆಟ್ ಕೊಟ್ಟು, "ಸ್ಟೋರಿಗೆ ಹೋಗಿ ಸ್ಟೀಮ್ ತುಂಬಿಸ್ಕೊಂಡು ಬಾ, ಮುಚ್ಚಳ ಮರೀಬೇಡ" ಅಂತ ಕಳಿಸ್ತಿದ್ದೆ. ಸ್ಟೋರಿನವನು ನನ್ನ ಕಡೆಯವನೇ. "ಇವತ್ತು ಸ್ಟಾಕ್ ಇಲ್ಲ, ಸಹಿ ಹಾಕಿಸ್ಕೊಂಡು ಬಾ" ಅಂತ ವಾಪಸ್ ಅಟ್ಟೋನು. ಡಿಗ್ರಿ ಪಡೆದೋರು ಮೂರು ಮೂರು ಸಲ ಓಡಾಡಿದ್ದಾರೆ. ಹೀಗೆ ಕಂಪನಿಯಲ್ಲಿ ಅರ್ಧ ಜನ ನನ್ನ ಕೈಯಲ್ಲಿ ಮೂರ್ಖರಾಗಿದ್ದಾರೆ, ಉಳಿದರ್ಧ ರಜೆಯಲ್ಲಿದ್ರು.

ಸೊಸೆ ಉಡುಪಿ ಕಡೆ ಹೋಟೆಲಿನವರ ಮಗಳು. ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ. ಮೆಕ್ಯಾನಿಕಲ್ ಓದಿ ಜೋಗೇಶ್ವರಿಯ ಒಂದು ಔಷಧಿ ಫ್ಯಾಕ್ಟರಿಯ ಬಾಯ್ಲರ್ ಹೌಸಲ್ಲಿ ಅಸಿಸ್ಟೆಂಟ್. "ಇಡ್ಲಿ ಪೆಟ್ಟಿಗೆಯಿಂದ ಬಾಯ್ಲರಿಗೆ ಬಡ್ತಿ ಸಿಕ್ಕಿದೆ ನಿಂಗೆ" ಅಂತ ಮದುವೆಯ ಮಾರನೇ ದಿನದಿಂದ ಛೇಡಿಸ್ತಾ ಬಂದಿದ್ದೀನಿ. ನನ್ನ ಮಗ ಬ್ಯಾಂಕಿನವನು, ಅವನಿಗೆ ಬಾಯ್ಲರ್ ಅಂದ್ರೆ ಬಾತ್‌ರೂಮಿನ ಗೀಸರ್. ಹಾಗಾಗಿ ಗೋರೆಗಾಂವ್‌ನ ನಮ್ಮ ಮನೇಲಿ ಪ್ರೆಶರ್ ಬಗ್ಗೆ ಮಾತಾಡೋಕೆ ನಾವಿಬ್ಬರೇ.

ಲೈಸೆನ್ಸ್ ಇರೋರು ಒಬ್ಬರು ಜವಾಬ್ದಾರಿ ಹೊರದೆ ಬಾಯ್ಲರ್ ಉರಿಸೋ ಹಾಗಿಲ್ಲ, ಅದು ಕಾನೂನು. ಅವಳ ಫ್ಯಾಕ್ಟರಿಯಲ್ಲಿ ಆ ಲೈಸೆನ್ಸ್ ಇದ್ದ ಹಿರಿಯರು ದೀಪಾವಳಿ ಆದ್ಮೇಲೆ ರಿಟೈರ್. ಮ್ಯಾನೇಜರ್ ಇವಳನ್ನ ಕರೆದು ಹೇಳಿದ್ರಂತೆ: ಅಷ್ಟರೊಳಗೆ ಪಾಸಾದ್ರೆ ಆ ಕುರ್ಚಿ ನಿಂದು, ಇಲ್ಲಾಂದ್ರೆ ಹೊರಗಿನಿಂದ ಒಬ್ಬರನ್ನ ತರ್ತೀವಿ. ಹಿಂದೆ ಎರಡು ಸಲ ಹಾಗೇ ಹೊರಗಿನವರು ಬಂದಿದ್ರು. ಇಬ್ಬರಿಗೂ ಆ ಬಾಯ್ಲರ್ ಪರಿಚಯ ಮಾಡಿಸಿದ್ದು ಇವಳೇ.

ನಾನು ಆರು ತಿಂಗಳಿಂದ ಅವಳಿಗೆ ಗುರು. ಏನು ಕಲಿಸಿದ್ದೆ? ನನ್ನ ಕಾಲದ ಗುಟ್ಟು. ಫಾರ್ಮುಲಾ ದೊಡ್ಡದಾಗಿ ಬರಿ, ಕೆಳಗೆ ಗೆರೆ ಹೊಡಿ. ಸೇಫ್ಟಿ ವಾಲ್ವಿನ ಚಿತ್ರ ಬಣ್ಣದ ಪೆನ್ಸಿಲಲ್ಲಿ ಬಿಡಿಸು. ಕೊನೆಯ ಉತ್ತರ ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ, ದಾರಿ ಸರಿ ಇದ್ರೆ ಮಾರ್ಕು ಬೀಳುತ್ತೆ. ನನ್ನ ಸೇಫ್ಟಿ ವಾಲ್ವ್ ಚಿತ್ರ ನೋಡಿ ಪರೀಕ್ಷಕರು ತಲೆದೂಗಿದ್ರು ಅಂತ ನಲವತ್ತು ವರ್ಷದಿಂದ ಹೇಳ್ಕೊಂಡು ಬಂದಿದ್ದೀನಿ. ತಲೆದೂಗಿದ್ದನ್ನ ಯಾರು ನೋಡಿದ್ರು ಅಂತ ಮಾತ್ರ ಕೇಳ್ಬೇಡಿ.

ಆ ಭಾನುವಾರ ಊಟ ಆದ್ಮೇಲೆ ಅವಳು ಲ್ಯಾಪ್‌ಟಾಪ್ ತೆಗೆದು, ಅಭ್ಯಾಸಕ್ಕೆ ಕೊಟ್ಟಿದ್ದ ಮಾದರಿ ಪರೀಕ್ಷೆ ತೋರಿಸಿದಳು. ಇಪ್ಪತ್ತು ಪ್ರಶ್ನೆ.

"ಸರಿ, ಮೊದ್ಲು ನಾನು ಮಾಡ್ತೀನಿ, ನೋಡ್ಕೊಂಡು ಕಲಿ" ಅಂತ ಕುರ್ಚಿ ಎಳ್ಕೊಂಡೆ. ನನ್ನ ಹೆಂಡತಿಯೂ ಅಡಿಗೆಮನೆಯಿಂದ ಕೈ ಒರೆಸ್ಕೊಳ್ತಾ ಬಂದು ಹಿಂದೆ ನಿಂತಳು.

ಮೊದಲನೇ ಪ್ರಶ್ನೆ: ಬಾಯ್ಲರಿನ ಪ್ರೆಶರ್ ಮೀಟರ್ ಹತ್ತು ತೋರಿಸ್ತಿದೆ, ಸ್ಟೀಮ್ ಎಷ್ಟು ಬಿಸಿ ಇರುತ್ತೆ? ಇದೂ ಒಂದು ಪ್ರಶ್ನೇನಾ! ಸ್ಟೀಮ್ ಟೇಬಲ್ ಪಟ್ಟಿ ನೋಡ್ದೆ, ಹತ್ತಕ್ಕೆ ನೂರ ಎಂಬತ್ತು. ಉತ್ತರಗಳಲ್ಲಿ ನೂರ ಎಂಬತ್ತು ಇತ್ತು. ಒತ್ತಿದೆ. ಎರಡನೇದಕ್ಕೂ ನನ್ನ ಉತ್ತರ ಅಲ್ಲೇ ಇತ್ತು. ಮೂರನೇದಕ್ಕೂ ಇತ್ತು. ಇಪ್ಪತ್ತು ಪ್ರಶ್ನೆಗೂ ನಾನು ಲೆಕ್ಕ ಹಾಕಿದ ಉತ್ತರ ತಪ್ಪದೆ ಅಲ್ಲಿತ್ತು. "ಇದು ಮಕ್ಕಳಾಟ ಕಣಮ್ಮ" ಅಂತ ಕೊನೆಯ ಗುಂಡಿ ಒತ್ತಿದೆ.

ಇಪ್ಪತ್ತಕ್ಕೆ ನಾಲ್ಕು ಸರಿ.

"ಮಿಷಿನ್ ಕೆಟ್ಟಿದೆ" ಅಂದೆ.

"ಕೆಟ್ಟಿಲ್ಲ ಮಾವ" ಅಂತ ಅವಳು ಒಂದೊಂದೇ ತೆರೆದು ತೋರಿಸಿದಳು. "ಮೀಟರ್ ಹೊರಗಿನ ಗಾಳಿಯ ಒತ್ತಡ ಲೆಕ್ಕಕ್ಕೆ ತಗೊಳ್ಳುದಿಲ್ಲ ಅಲ್ವಾ? ಅದೊಂದು ಸೇರಿಸಿ ಹನ್ನೊಂದು ಮಾಡಿ ಟೇಬಲ್ ನೋಡ್ಬೇಕಿತ್ತು. ನೂರ ಎಂಬತ್ನಾಲ್ಕು."

ಗೊತ್ತಿತ್ತು ನನಗೆ. ಯಾವತ್ತೂ ಗೊತ್ತಿತ್ತು, ಅವಸರದಲ್ಲಿ ಯಾವತ್ತೂ ಮರೀತಿದ್ದೆ. ಪೈಪಿನ ಲೆಕ್ಕದಲ್ಲಿ ವ್ಯಾಸ ಕೊಟ್ಟಿದ್ದನ್ನ ಅರ್ಧ ಮಾಡೋದು ಮರೆತಿದ್ದೆ. ಹಾಗೆ ಮರೆತ್ರೆ ಬರೋ ಉತ್ತರ ಎರಡನೇ ಸಾಲಲ್ಲಿ ಕೂತಿತ್ತು. ಸುಮ್ನೆ ಬಂದು ಕೂತಿದ್ದಲ್ಲ, ಯಾರೋ ಕೂರಿಸಿದ್ರು. ಈ ಮುದುಕ ಇಲ್ಲಿ ಎಡವ್ತಾನೆ ಅಂತ ಮೊದಲೇ ತಿಳ್ಕೊಂಡು, ಬಿದ್ದ ಜಾಗದಲ್ಲೇ ಸಿಗೋ ಹಾಗೆ ಉತ್ತರ ಹಾಸಿಟ್ಟಿದ್ರು! ನಾನು ಊರನ್ನೆಲ್ಲ ಮೂರ್ಖ ಮಾಡಿದವನು. ನನಗೆ ಮುಖ ತೋರಿಸ್ದೆ, ಯಾವುದೋ ಆಫೀಸಲ್ಲಿ ಕೂತ ಒಬ್ಬ ಮನುಷ್ಯ, ಒಂದೇ ಮಧ್ಯಾಹ್ನ ಹದಿನಾರು ಸಲ!

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಆ ಕಾಲದ ನನ್ನ ಪೇಪರಲ್ಲೂ ಉತ್ತರ ಹೀಗೇ ತಪ್ಪಿರ್ಬೇಕು. ನಾನು ಪಾಸಾಗಿದ್ದು ದಾರಿಯ ಮಾರ್ಕಿಂದ, ಬಣ್ಣದ ಪೆನ್ಸಿಲಿಂದ.

"ರೀ," ಅಂದಳು ನನ್ನ ಹೆಂಡತಿ, "ಮೂವತ್ತಾರು ವರ್ಷ ಆ ಬಾಯ್ಲರ್ ಸಿಡೀಲಿಲ್ವಲ್ಲ, ಅದಕ್ಕೆ ಒಂದು ನಮಸ್ಕಾರ ಹಾಕ್ಕೊಂಡು ಬನ್ನಿ."

ಎರಡು ದಿನ ನಾನು ಯಾರನ್ನೂ ಛೇಡಿಸ್ಲಿಲ್ಲ. ಲಿಫ್ಟಲ್ಲಿ ಸಿಕ್ಕವರು ಹುಷಾರಿಲ್ವಾ ಅಂತ ಕೇಳಿದ್ರು. ಮೂರನೇ ದಿನ ಹೊಳೀತು. ಬಲೆ ಹಾಕೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ತಪ್ಪುಗಳೇ ಆ ಮನುಷ್ಯನ ಬಂಡವಾಳ ಆದ್ರೆ, ನನ್ನ ಹತ್ರ ಗೋಡೌನ್ ತುಂಬ ಇದೆ!

ಒಂದು ನೋಟ್‌ಬುಕ್ ಹಿಡಿದು ಕೂತೆ. ದಿನಕ್ಕೆ ಹತ್ತು ಪ್ರಶ್ನೆ, ಒಂದೊಂದಕ್ಕೂ ಒಂದು ಸರಿ ಉತ್ತರ, ಮೂರು ಬಲೆ. ಅವಳು ಆರೂವರೆಗೆ ಬಂದು, ಚಹಾ ಕುಡಿದು ಕೂರೋಳು. ಮೊದಲ ವಾರ ದಬದಬ ಬಿದ್ದಳು.

"ಎಂತ ಮಾವ ಇದು! ಇಷ್ಟು ಕೆಟ್ಟ ಬುದ್ಧಿ ಯಾರಿಗುಂಟು?"

"ನಿಮ್ಮ ಮಾವನಿಗೆ. ಮುಂದಿಂದು ನೋಡು."

ಎರಡನೇ ವಾರಕ್ಕೆ ಹುಷಾರಾದಳು. ಪ್ರಶ್ನೆ ಓದ್ತಿದ್ದ ಹಾಗೇ, "ಇಲ್ಲಿ ಗಾಳಿ ಸೇರಿಸ್ಬೇಕು, ಇಲ್ಲಿ ವ್ಯಾಸ, ಇಲ್ಲಿ ನಿಮಿಷ ಬೇರೆ ಗಂಟೆ ಬೇರೆ" ಅಂತ ನನ್ನ ಬಲೆಗಳನ್ನ ಬೆರಳು ಮಾಡಿ ತೋರಿಸೋಳು. ಮಾದರಿ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೆಂಟು ಬಂತು. ಅಲ್ಲಿಗೆ ನಾನು ನಿಲ್ಲಿಸ್ಬೇಕಿತ್ತು. ನಿಲ್ಲಿಸೋ ಜಾತಿಯೇ ನಾನು? ಅವಳು ಬೀಳೋದು ನಿಂತಿದ್ದು ನನಗೆ ಸಹಿಸೋಕಾಗ್ಲಿಲ್ಲ. ನಾಲ್ಕೂ ಉತ್ತರ ತಪ್ಪಿರೋ ಪ್ರಶ್ನೆ ಕೊಟ್ಟೆ. ನಾಲ್ಕೂ ಸರಿ ಅನ್ನಿಸೋದು ಕೊಟ್ಟೆ. ಎರಡಕ್ಕೆ ಎರಡು ಕೂಡಿಸೋ ಹಾಗಿರೋ ಸುಲಭದ್ದು ಕೊಟ್ಟು, ಅವಳು ಅರ್ಧ ಗಂಟೆ ಮೋಸ ಹುಡುಕೋದನ್ನ ನೋಡಿ ಕುಣಿದಾಡಿದೆ.

"ಮಾವ, ಈಗ ಸರಿ ಉತ್ತರ ಕಂಡ್ರೂ ಹೆದರಿಕೆ ಆಗ್ತದೆ ಮಾರಾಯ್ರೆ. ಎರಡೆರಡು ಸಲ ಲೆಕ್ಕ ಮಾಡ್ಬೇಕು ಅನಿಸ್ತದೆ."

"ಹಂಗೇ ಇರ್ಬೇಕು! ಯಾರನ್ನೂ ನಂಬಬೇಡ!" ಅಂದೆ. ಅವಳ ಮಾತನ್ನ ನಾನು ಹೊಗಳಿಕೆ ಅಂತ ತಗೊಂಡೆ.

ಪರೀಕ್ಷೆ ಇದ್ದಿದ್ದು ಬೈಕುಲ್ಲಾದಲ್ಲೇ, ಹಳೇ ವರ್ಕ್‌ಶಾಪುಗಳ ಮೇಲಿನ ಮಹಡಿಯ ಕಂಪ್ಯೂಟರ್ ಕ್ಲಾಸಲ್ಲಿ. ಭಾನುವಾರ ಹಳಿ ರಿಪೇರಿಗೆ ರೈಲು ಕಡಿಮೆ ಮಾಡೋ ಮೆಗಾಬ್ಲಾಕ್ ಇತ್ತು, ಅದಕ್ಕೆ ಒಂದು ಗಂಟೆ ಮೊದಲೇ ಹೊರಟು ದಾದರಲ್ಲಿ ಲೋಕಲ್ ಬದಲಾಯಿಸಿ ಹೋದ್ವಿ. ಬಾಗಿಲಲ್ಲಿ ಅವಳ ವಾಚು, ಕ್ಯಾಲ್ಕ್ಯುಲೇಟರು, ಪೆನ್ನು, ಕೊನೆಗೆ ತಲೆಯ ಕ್ಲಿಪ್ಪು ಕೂಡ ತೆಗೆಸಿ ನನ್ನ ಕೈಗೆ ಕೊಟ್ರು. ಕ್ಯಾಲ್ಕ್ಯುಲೇಟರ್ ಸ್ಕ್ರೀನ್ ಮೇಲೇ ಇರುತ್ತಂತೆ, ಮೌಸಲ್ಲಿ ಒಂದೊಂದೇ ಅಂಕಿ ಒತ್ತಬೇಕು. ನಾನು ಎದುರಿನ ಹೋಟೆಲಲ್ಲಿ ಕೂತು, ಪ್ರಶ್ನೆಪತ್ರಿಕೆ ಬರೆದಿದ್ದೇ ನಾನು ಅಂತ ವೇಟರನ್ನ ನಂಬಿಸಿ ಒಂದು ಎಕ್ಸ್‌ಟ್ರಾ ಚಟ್ನಿ ಹಾಕಿಸ್ಕೊಂಡೆ. ಅಷ್ಟು ಖುಷಿಯಲ್ಲಿದ್ದೆ.

ಎರಡು ಗಂಟೆ ಆದ್ಮೇಲೆ ಅವಳು ಮೆಟ್ಟಿಲಿಳಿದು ಬಂದಳು. ಕೂದಲು ಬಿಚ್ಚಿಹೋಗಿತ್ತು. ನನ್ನ ಕೈಲಿದ್ದ ಕ್ಲಿಪ್ಪನ್ನೂ ತಗೊಳ್ಳಲಿಲ್ಲ.

"ಏನಮ್ಮ, ಎಷ್ಟು ಬಲೆ ಹರಿದೆ?"

"ಮಾವ, ಅದು ತನ್ನಷ್ಟಕ್ಕೇ ಮುಚ್ಚಿಹೋಯ್ತು."

"ಏನು?"

"ಸ್ಕ್ರೀನು. ಮೂವತ್ತೈದು ಪ್ರಶ್ನೆ ನಾನು ನೋಡ್ಲೇ ಇಲ್ಲ."

ತಮಾಷೆ ಮಾಡ್ತಿದ್ದಾಳೆ ಅಂತ ಅವಳ ಮುಖ ನೋಡ್ದೆ. ತಮಾಷೆ ಅಲ್ಲ. ಒಂದೊಂದು ಲೆಕ್ಕವನ್ನೂ ಎರಡು ಸಲ, ಸುಲಭದ್ದನ್ನ ಮೂರು ಸಲ ಮಾಡಿದ್ದಾಳೆ. ಇಷ್ಟು ಸುಲಭ ಇದ್ರೆ ಇದರಲ್ಲಿ ಏನೋ ಇದೆ ಅಂತ. ಸ್ಕ್ರೀನಿನ ಬಲಗಡೆ ಮುಟ್ಟದ ಪ್ರಶ್ನೆಗಳ ನಂಬರುಗಳು ಬೆಳ್ಳಗೆ ಉಳಿದಿದ್ದು ಕಂಡಾಗ ಎರಡೇ ನಿಮಿಷ ಇತ್ತು, ಗಾಬರಿಯಲ್ಲಿ ಒಂದೇ ಪ್ರಶ್ನೆಯನ್ನ ನಾಲ್ಕು ಸಲ ಓದಿದಳಂತೆ. ನಮ್ಮ ಕಾಲದಲ್ಲಾದ್ರೆ ಬೆಲ್ ಹೊಡೆದ ಮೇಲೂ, ಪೇಪರ್ ಕಿತ್ಕೊಳ್ಳೋರು ನಮ್ಮ ಬೆಂಚಿಗೆ ಬರೋಷ್ಟರಲ್ಲಿ ನಾಲ್ಕು ಸಾಲು ಗೀಚ್ತಿದ್ವಿ. ಇಲ್ಲಿ ಬರೋರೇ ಇಲ್ಲ. ಟೈಮು ಸೊನ್ನೆ ಆಯ್ತು, ಪರದೆ ಬಿತ್ತು.

ಲೋಕಲಲ್ಲಿ ಇಬ್ಬರಿಗೂ ಸೀಟ್ ಸಿಕ್ತು. ಅವಳು ಕಿಟಕಿ ಕಡೆ ನೋಡ್ತಾ ಕೂತಿದ್ದಳು. ಜೀವಮಾನದಲ್ಲಿ ದಾದರಿಂದ ಗೋರೆಗಾಂವ್ ತನಕ ನಾನು ಬಾಯಿ ಮುಚ್ಕೊಂಡು ಬಂದಿದ್ದು ಅದೊಂದೇ ಸಲ. ಬಲೆ ಹಾಕಿದ ಆ ಆಫೀಸಿನ ಮನುಷ್ಯ ಅಲ್ಲ ಅವಳನ್ನ ಕೆಡವಿದ್ದು. ನಾನು.

ಮನೆಗೆ ಬಂದು ಹೆಂಡತಿಗೆ ಹೇಳ್ದೆ. "ಹೋಗಿ ತಪ್ಪಾಯ್ತು ಅನ್ನಿ" ಅಂದಳು. ಹೋದೆ. ಸೊಸೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚ್ತಿದ್ದಳು.

"ತಪ್ಪಾಯ್ತು ಕಣಮ್ಮ."

ಅವಳು ನನ್ನನ್ನ ನೋಡಿದಳು. ಮಡಚೋದು ನಿಲ್ಲಿಸಿ ಕಾದಳು. "ಹ್ಞೂಂ, ಮುಂದೆ?"

"ಮುಂದೆ ಏನೂ ಇಲ್ಲ."

"ಎಂತಾದ್ರೂ ಇರ್ತದೆ ಮಾವ, ನಿಮ್ಮದು. ಹೇಳಿ ಮುಗಿಸಿ."

ಏನೂ ಇರ್ಲಿಲ್ಲ. ಇನ್ನೊಂದ್ಸಲ ಹೇಳ್ದೆ. ಅವಳು ಮತ್ತೂ ಕಾದಳು, ಜೇಬಿಂದ ಏನಾದ್ರೂ ತೆಗೀತೀನೇನೋ ಅನ್ನೋ ಹಾಗೆ ನನ್ನ ಕೈ ನೋಡಿದಳು. ನಿಜ ಹೇಳೋಕೆ ನನ್ನ ಹತ್ರ ಬೇರೆ ಮುಖವೇ ಇರ್ಲಿಲ್ಲ, ಇಷ್ಟು ವರ್ಷ ಸುಳ್ಳಿಗೆ ಬಳಸಿದ ಅದೇ ಮುಖ. ನಾನೇ ಆ ಬಟ್ಟೆಯಲ್ಲಿ ಅರ್ಧ ತಗೊಂಡು ಮಡಚೋಕೆ ಶುರು ಮಾಡ್ದೆ. ಇದು ನಾಟಕ ಅಲ್ಲ ಅಂತ ಆಗ ಅವಳಿಗೆ ಗೊತ್ತಾಯ್ತು ಅನ್ಸುತ್ತೆ. ಮುಖ ತಿರುಗಿಸಿ ಉಳಿದ ಬಟ್ಟೆ ಮಡಚಿದಳು.

ಫಲಿತಾಂಶಕ್ಕೆ ಮೂರು ವಾರ. ನಾನು ಹಾಲಿನ ಪ್ಯಾಕೆಟ್ ಮೇಲೆ, ಪೇಪರಿನ ಅಂಚಿನ ಮೇಲೆ ಒಂದೇ ಲೆಕ್ಕ ಹಾಕ್ತಿದ್ದೆ. ಮುಟ್ಟಿದ್ದು ಅರವತ್ತೈದು. ನಾಲ್ಕು ತಪ್ಪಾದ್ರೆ ಉಳಿಯೋದು ಅರವತ್ತೊಂದು, ಕಟ್ ಆಗೋದು ಒಂದು, ಸರಿಯಾಗಿ ಅರವತ್ತು. ಐದನೇದು ತಪ್ಪಿದ್ರೆ ಹೋಯ್ತು. ಅರವತ್ತೈದರಲ್ಲಿ ನಾಲ್ಕೇ ತಪ್ಪು! ಅಷ್ಟು ಕರಾರುವಾಕ್ಕಾಗಿ ಯಾರು ಮಾಡ್ತಾರೆ? ಅಷ್ಟರಲ್ಲಿ ಆ ಹಿರಿಯರು ಹೋಗೋ ದಿನ ಹತ್ತಿರ ಬಂತು. ಆ ಕುರ್ಚಿಗೆ ಅಂತ ಲೈಸೆನ್ಸ್ ಇರೋ ಠಾಣೆ ಊರಿನವರೊಬ್ಬರು ಬಂದು ಬಾಯ್ಲರ್ ನೋಡ್ಕೊಂಡು ಹೋದ್ರಂತೆ. ಅವರಿಗೂ ಇವಳೇ ಎಲ್ಲ ತೋರಿಸಿದಳು. ರಾತ್ರಿ ಊಟದಲ್ಲಿ ಅದನ್ನ ಹೇಳುವಾಗ ಅನ್ನ ಕಲಸ್ತಾ ಇದ್ದಳು, ಬಾಯಿಗೆ ಇಡ್ಲಿಲ್ಲ.

ಫಲಿತಾಂಶ ಬಂದ ದಿನ ಮಧ್ಯಾಹ್ನ ಫೋನ್ ಬಂತು. ಹಿಂದೆ ಬಾಯ್ಲರಿನ ಗದ್ದಲ.

"ಮಾವ, ಅರವತ್ತೆರಡೂವರೆ."

"ಏನಂದೆ?"

"ಅರವತ್ತೆರಡೂವರೆ! ಪಾಸು! ಮ್ಯಾನೇಜರ್ ಕರೀತಿದ್ದಾರೆ, ಇಡ್ತೇನೆ."

ಫೋನ್ ಹಿಡ್ಕೊಂಡೇ ನೆಲದ ಮೇಲೆ ಕೂತೆ. ಹೆಂಡತಿ ಓಡಿ ಬಂದು ನೀರು ಕೊಟ್ಟಳು. ಅರ್ಧ ಲೋಟ ಕುಡಿದವನಿಗೆ ಲೆಕ್ಕ ತಲೆಗೆ ಬಂತು. ಅರವತ್ತೆರಡೂವರೆ ಅಂದ್ರೆ ಅರವತ್ತಮೂರು ಸರಿ, ಎರಡೇ ಎರಡು ತಪ್ಪು. ಎರಡು! ನನ್ನ ಸೊಸೆ ಆ ಮನುಷ್ಯನ ಬಲೆಗಳನ್ನೆಲ್ಲ ಹರಿದು ಹಾಕಿದಳು, ಎರಡರಲ್ಲಿ ಮಾತ್ರ ಸಿಕ್ಕಿಕೊಂಡಳು. ಕೆಳಗೆ ಹೋಗಿ ವಾಚ್‌ಮ್ಯಾನಿಂದ ಹಿಡಿದು ಬಿಲ್ಡಿಂಗಿನ ಸೆಕ್ರೆಟರಿ ತನಕ ಎಲ್ಲರಿಗೂ ಹೇಳ್ದೆ, ಗುರು ಯಾರು ಅನ್ನೋದನ್ನೂ ಸೇರಿಸಿ.

ಈಗ ಅವಳು ಇನ್‌ಚಾರ್ಜ್. ಠಾಣೆಯವರು ಬರ್ಲಿಲ್ಲ. ಆದ್ರೆ ಆ ಎರಡು ಯಾವುದು ಅಂತ ನನ್ನ ತಲೆಯೊಳಗೆ ಕೊರೀತಾನೇ ಇದೆ. ನನಗೆ ಹೊಳೀದೆ ಇರೋ ಬಲೆ ಎರಡು ಆ ಮನುಷ್ಯನ ಹತ್ರ ಇದ್ದವಲ್ಲ! ಸೊಸೆ ಕೆಲಸದಿಂದ ಬಂದು ಚಹಾ ಕುಡಿಯೋವಾಗೆಲ್ಲ ಕೇಳ್ತೀನಿ, ನೆನಪಾಯ್ತಾ ಅಂತ.

"ಆ ಎರಡು ಇರ್ಲಿ ಮಾವ," ಅಂತಾಳೆ. "ನೋಡದೆ ಬಿಟ್ಟ ಮೂವತ್ತೈದರ ಬಗ್ಗೆ ಕೇಳಿ, ಹೇಳ್ತೇನೆ."

ಅದನ್ನ ಕೇಳೋ ಧೈರ್ಯ ನನಗೆ ಇನ್ನೂ ಬಂದಿಲ್ಲ.