ಗಿಡಕ್ಕೆಂದು ತುಂಬಿದ ತಂಬಿಗೆ

ಮೊದಲು ಊದಿದ್ದು ಕಾಲು.

ನನ್ನ ಹೆಂಡತಿ ಕಸ್ತೂರಿ ರೊಟ್ಟಿ ಬಡಿಯಲು ಕುಳಿತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಅಫಜಲಪುರದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಿದ್ದರೂ ಖಡಕ್ ರೊಟ್ಟಿ ಅವಳ ಕೈಯಿಂದಲೇ ಹೋಗಬೇಕು. ಹಾಗಾಗಿ ಕುಳಿತು ಕುಳಿತು ಕಾಲು ಬಾತಿದೆ ಎಂದುಕೊಂಡೆವು. ಆಮೇಲೆ ಕಾಲುಂಗುರ ಬೆರಳಿನ ಮಾಂಸದಲ್ಲಿ ಹೂತುಹೋಯಿತು. ಎಣ್ಣೆ ಹಚ್ಚಿ ಎಳೆದೆ. ಬರಲಿಲ್ಲ. ಅಕ್ಕಸಾಲಿ ಪತ್ತಾರನ ಅಂಗಡಿಗೆ ಹೋಗಿ ಕತ್ತರಿಸಿ ತೆಗೆಸಬೇಕಾಯಿತು. ಕೆಲವೇ ದಿನಗಳಲ್ಲಿ ಮುಖವೂ ಊದಿತು. ಒಗ್ಗರಣೆಯ ವಾಸನೆ ಬಂದರೆ ವಾಂತಿ. ಊರಿನ ಡಾಕ್ಟರು ರಕ್ತ ತಪಾಸಣೆಯ ರಿಪೋರ್ಟ್ ನೋಡಿ ಕಲಬುರಗಿಗೆ ಚೀಟಿ ಬರೆದುಕೊಟ್ಟರು.

ಕಲಬುರಗಿಯ ಡಾಕ್ಟರು ಚಷ್ಮಾ ತೆಗೆದು ಮೇಜಿನ ಮೇಲಿಟ್ಟರು.

"ಬಿಪಿ ಭಾಳ ವರ್ಷದಿಂದ ಇದ್ದಂಗ ಕಾಣ್ತದ. ನಿಮಗ ಗೊತ್ತಾಗಿಲ್ಲ."

"ಗುಳಗಿ ತಗೊಂಡ್ರ ಕಮ್ಮಿ ಆಗ್ತದಲ್ರಿ ಸರ?" ಕಸ್ತೂರಿ ಕೇಳಿದಳು.

"ಎರಡೂ ಕಿಡ್ನಿ ಕೆಲಸ ನಿಲ್ಲಿಸ್ಯಾವ್ರಿ."

ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆವು. ಅವಳು ಕೇಳಿದ್ದು ಒಂದೇ ಮಾತು: "ಮ್ಯಾಲಿನ ಓಣಿ ಮದುವಿಗೆ ರೊಟ್ಟಿ ಒಪ್ಪಕೊಂಡೇನಿ. ಅವರಿಗೆ ಏನ್ ಹೇಳೋದ್ರಿ?"

ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ನನ್ನ ಕೆಲಸ. ಹೊಲದ ಬೋರ್‌ವೆಲ್ಲಿನಿಂದ ಮೇಲೆತ್ತಿ ತಂದ ಪಂಪುಗಳು ಅಂಗಡಿಯ ಮುಂದೆ ಸಾಲಾಗಿ ಬಿದ್ದಿರುತ್ತವೆ. ಒಳಗಿನದು ಎಷ್ಟೇ ಕರಕಲಾಗಿದ್ದರೂ ಬಿಚ್ಚಿ ತೆಗೆದು ಬೇರೆ ಸುತ್ತಿದರೆ ಮತ್ತೆ ತಿರುಗುತ್ತದೆ. ಹಾಗಾಗಿ ನನ್ನ ಕಿಡ್ನಿ ಕೊಡುತ್ತೇನೆ ಎಂದು ಡಾಕ್ಟರಿಗೆ ಬಹಳ ಧೈರ್ಯದಿಂದಲೇ ಹೇಳಿದೆ. ನನಗೆ ಸಕ್ಕರೆ ಕಾಯಿಲೆಯಿದೆ, ಆಗುವುದಿಲ್ಲ ಎಂದರು. ಮಗಳು ಸವಿತಾ ಕೊಡಲು ಸಿದ್ಧಳಿದ್ದಳು. ಕಸ್ತೂರಿ ಕೇಳಲಿಲ್ಲ. "ಅದರ ಮಾತ ಎತ್ತಿದ್ರ ದವಾಖಾನಿ ಮೆಟ್ಟಲನ ಹತ್ತಂಗಿಲ್ಲ ನಾ" ಎಂದು ಹಠ ಹಿಡಿದಳು.

ಉಳಿದದ್ದು ಡಯಾಲಿಸಿಸ್. ವಾರಕ್ಕೆ ಎರಡು ಸಲ, ತಾಲೂಕು ಆಸ್ಪತ್ರೆಯಲ್ಲಿ. ಮಷಿನಿನ ಸೂಜಿ ಚುಚ್ಚಲೆಂದು ಎಡಗೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದರು. ಮುಟ್ಟಿದರೆ ಆ ಜಾಗ ಜುಂ ಎನ್ನುತ್ತಿತ್ತು. ಆ ಕೈಯಲ್ಲಿ ಭಾರ ಎತ್ತಬಾರದು, ಬಳೆ ಹಾಕಬಾರದು. ಒಲೆಯ ಮುಂದೆ ಕುಳಿತರೆ ಬಾಯಾರಿಕೆ ಹೆಚ್ಚುತ್ತದೆಂದು ರೊಟ್ಟಿಯೂ ನಿಂತಿತು. ರೊಟ್ಟಿಯ ಸಪ್ಪಳವಿಲ್ಲದ ಮನೆಯಲ್ಲಿ ಬೆಳಗಾಗುವುದೇ ತಡವಾದಂತೆ ಅನ್ನಿಸುತ್ತಿತ್ತು.

ಆದರೆ ಅವಳನ್ನು ಮುರಿದದ್ದು ಸೂಜಿಯಲ್ಲ. ನೀರು.

ಮೂತ್ರ ಹೋಗುವುದು ನಿಂತಿದ್ದರಿಂದ ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಚಹಾ, ಸಾರು, ಮಜ್ಜಿಗೆ, ಗುಳಿಗೆ ನುಂಗುವ ಗುಟುಕು, ಎಲ್ಲ ಸೇರಿ ದಿನಕ್ಕೆ ಎರಡು ದೊಡ್ಡ ಲೋಟ ಮೀರಬಾರದು ಎಂದರು. ನಮ್ಮ ಕಡೆಯ ಬೇಸಿಗೆ ಕಂಡವರಿಗೆ ಈ ಮಾತಿನ ಅರ್ಥ ತಿಳಿಯುತ್ತದೆ. ಬೆಳಗಿನ ಹೊತ್ತಿಗೇ ಗೋಡೆ ಕಾದಿರುತ್ತದೆ. ಫ್ಯಾನು ಬೀಸುವುದು ಬಿಸಿಗಾಳಿಯನ್ನೇ. ಅವಳು ಮಾತಾಡುವಾಗ ನಾಲಿಗೆ ಅಂಗುಳಿಗೆ ಅಂಟಿ ಬಿಡುವ ಸಣ್ಣ ಸದ್ದು ಕೇಳಿಸುತ್ತಿತ್ತು. ಮನೆಗೆ ಯಾರೇ ಬಂದರೂ ಮೊದಲು ಬೆಲ್ಲ, ನೀರು ಕೊಡುವುದು ನಮ್ಮಲ್ಲಿ ರೂಢಿ. ಬಂದವರು ಗಟಗಟ ಕುಡಿಯುವಾಗ ಅವಳ ಕಣ್ಣು ಅವರ ಗಂಟಲ ಮೇಲೆಯೇ ಇರುತ್ತಿತ್ತು. ಕೊನೆಗೆ ನಾನು ಜನ ಬರುವುದನ್ನೇ ತಪ್ಪಿಸತೊಡಗಿದೆ.

ಜೇವರ್ಗಿಗೆ ಕೊಟ್ಟಿರುವ ಸವಿತಾ ಆ ದಿನಗಳಲ್ಲಿ ಒಂದು ಗಿಡ ತಂದಳು. ಕತ್ತಿಯಂತೆ ನೆಟ್ಟಗೆ ನಿಂತ ದಪ್ಪ ಎಲೆಗಳು, ಹಸಿರಿನ ಮೇಲೆ ಹಾವಿನ ಮೈಯಂಥ ಪಟ್ಟೆ, ಅಂಚಿಗೆ ಹಳದಿ ಗೆರೆ. ನರ್ಸರಿಯಲ್ಲಿ ಸ್ನೇಕ್ ಪ್ಲಾಂಟ್ ಅಂದರಂತೆ. ಕಸ್ತೂರಿ ಅದನ್ನು ಹಾವಿನ ಗಿಡ ಎಂದೇ ಕರೆದಳು. "ಅವ್ವಗ ಏನರ ನೋಡಕೋಳಾಕ ಬೇಕಪ್ಪಾ. ಸುಮ್ನ ಮಲಗಿ ಮಲಗಿ ಹುಚ್ಚ ಹಿಡೀತದ" ಎಂದು ಮಗಳು ನನಗೆ ಫೋನಿನಲ್ಲಿ ಹೇಳಿದ್ದಳು. ಅವಳು ಬಂದು ಹೋದಾಗ ನಾನು ಅಂಗಡಿಯಲ್ಲಿದ್ದೆ. ಹೇಗೆ ನೋಡಿಕೊಳ್ಳಬೇಕೆಂದು ತಾಯಿಗೆ ಹೇಳಿಹೋದದ್ದು ನನಗೆ ತಿಳಿಯದು.

ಮಂಚದ ಪಕ್ಕದ ಕಿಟಕಿಯಲ್ಲಿ ಕುಂಡ ಇಟ್ಟೆವು. ಕಸ್ತೂರಿ ಒದ್ದೆ ಅರಿವೆಯಿಂದ ಒಂದೊಂದೇ ಎಲೆಯ ಧೂಳು ಒರೆಸುವಳು. ಬಿಸಿಲು ಹೊರಳಿದಂತೆ ಕುಂಡ ತಿರುಗಿಸುವಳು. ಪಕ್ಕದಲ್ಲಿ ಒಂದು ತಂಬಿಗೆ ನೀರು.

"ದಿನಾ ಬೇಕೇನು ಇದಕ್ಕ?" ಎಂದು ಒಮ್ಮೆ ಕೇಳಿದೆ.

"ಈ ಬ್ಯಾಸಗ್ಯಾಗ ಬ್ಯಾಡೇನ್ರಿ ಮತ್ತ? ಅದಕ್ಕೂ ಜೀವ ಅದ."

ಸರಿ ಅನ್ನಿಸಿತು. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ನಾನೇ ತಂಬಿಗೆ ತುಂಬಿಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಬಂದರೆ ಖಾಲಿ. ಅವಳ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತ್ತು. ಗಿಡ ತಂದದ್ದು ಒಳ್ಳೆಯದಾಯಿತು ಎಂದು ಮಗಳಿಗೆ ಹೇಳಿದೆ.

ಅದೇ ಸುಮಾರಿಗೆ ಡಯಾಲಿಸಿಸ್‌ಗೆ ಹೋದಾಗೆಲ್ಲ ಅವಳ ತೂಕ ಜಾಸ್ತಿ ಬರತೊಡಗಿತು. ಟೆಕ್ನಿಷಿಯನ್ ಹುಡುಗಿ ಮೆಲ್ಲಗೆ ಕೇಳಿದಳು: "ಆಂಟಿ, ನೀರು ಹೆಚ್ಚಾಗ್ಯದೇನ್ರಿ?" ಕಸ್ತೂರಿ ನನ್ನ ಕಡೆ ನೋಡಿದಳು. ನಾನೇ ಉತ್ತರ ಕೊಟ್ಟೆ: "ನಾ ಕೈಯಾರ ಅಳತಿ ಮಾಡಿ ಕೊಡ್ತೇನ್ರಿ. ನಿಮ್ಮ ತೂಕದ ಕಾಟಾ ಒಮ್ಮೆ ತಪಾಸ ಮಾಡಿಸ್ರಿ." ಆ ಹುಡುಗಿ ತೂಕ ಬರೆದುಕೊಂಡಳು.

ಒಂದು ಮಧ್ಯಾಹ್ನ ಪಕ್ಕದ ಮನೆಯವರು ಅಂಗಡಿಗೆ ಓಡಿ ಬಂದರು. ಮನೆಗೆ ಹೋದರೆ ಕಸ್ತೂರಿ ಮಂಚದ ತುದಿಗೆ ಕುಳಿತು ಎರಡೂ ಕೈ ಊರಿ ಗಾಳಿಗೆ ಬಾಯಿ ಬಿಡುತ್ತಿದ್ದಳು. ಮಲಗಿಸಲು ಹೋದರೆ ನನ್ನನ್ನು ದೂಡಿದಳು. ಮಲಗಿದರೆ ಮುಳುಗುತ್ತೇನೆ ಎಂಬಂಥ ಕಣ್ಣು. ತುಟಿ ನೀಲಿಯಾಗಿತ್ತು. ಆಟೋದಲ್ಲಿ ಅವಳನ್ನು ಎದೆಗೆ ಆನಿಸಿಕೊಂಡು ಕೂತೆ. ಪ್ರತಿ ಉಸಿರಿಗೂ ಅವಳ ಎದೆಯೊಳಗೆ ಗುಳುಗುಳು ಸದ್ದಾಗುತ್ತಿತ್ತು.

ಆಕ್ಸಿಜನ್ ಹಾಕಿದರು. ಕೂಡಲೇ ಮಷಿನಿಗೆ ಹಚ್ಚಿದರು.

"ಲಂಗ್ಸ್‌ನಾಗ ನೀರು ತುಂಬ್ಯದ. ಎಷ್ಟು ಕುಡಿದಾರ?" ಡ್ಯೂಟಿ ಡಾಕ್ಟರು ಕೇಳಿದರು.

"ಎರಡ ಲೋಟ್ರಿ. ಆಣಿ ಮಾಡಿ ಹೇಳ್ತೇನಿ."

"ಹಂಗಾದ್ರ ಈ ನೀರು ಎಲ್ಲಿಂದ ಬಂತ್ರಿ ಯಜಮಾನ್ರ?"

ಜೀವಕ್ಕೆ ಅಪಾಯವಿಲ್ಲ ಎಂದಮೇಲೆ ಸೀರೆ, ಹೊದಿಕೆ ತರಲು ಮನೆಗೆ ಬಂದೆ. ಮಂಚದ ಪಕ್ಕದ ತಂಬಿಗೆ ಖಾಲಿಯಾಗಿತ್ತು. ಯಾಕೋ ಕುಂಡದಲ್ಲಿ ಬೆರಳಿಟ್ಟೆ. ಮಣ್ಣು ಪುಡಿಪುಡಿ. ಬೆರಳು ಪೂರ್ತಿ ಇಳಿಸಿದರೂ ತಂಪಿಲ್ಲ. ಕುಂಡದ ಗೋಡೆಗೂ ಮಣ್ಣಿಗೂ ನಡುವೆ ಬಿರುಕು. ಎಲೆಗಳು ಉದ್ದುದ್ದಕ್ಕೆ ಸುಕ್ಕಾಗಿ ಒಳಕ್ಕೆ ಮಡಚಿಕೊಂಡಿದ್ದವು. ನಾನು ದಿನಾ ನೋಡುತ್ತಿದ್ದ ಗಿಡವೇ. ನೋಡಿರಲಿಲ್ಲ.

ಸವಿತಾಳಿಗೆ ಫೋನು ಮಾಡಿದೆ. "ಈ ಗಿಡಕ್ಕ ದಿನಾ ನೀರು ಹಾಕಬೇಕಂತ ಅವ್ವಗ ಹೇಳಿದ್ದೇನು?"

"ಯಾರಂದಾರಪ್ಪಾ? ಮಣ್ಣು ಪೂರಾ ಒಣಗಿದಮ್ಯಾಲ ಅಷ್ಟ ಹಾಕು ಅಂತ ಹೇಳಿದ್ನಿ. ಬ್ಯಾಸಗ್ಯಾಗೂ ಎರಡು ವಾರಕ್ಕೊಮ್ಮೆ ಸಾಕದಕ್ಕ. ಯಾಕ?"

ಗಿಡಕ್ಕೆಂದು ನಾನು ತುಂಬಿಟ್ಟ ನೀರನ್ನು ದಿನಾ ಅವಳೇ ಕುಡಿದಿದ್ದಳು.

ಸಿಟ್ಟು ಬಂತು. ಆಸ್ಪತ್ರೆ ಮುಟ್ಟುವತನಕ ಏನೇನು ಅನ್ನಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ವಾರ್ಡಿನಲ್ಲಿ ಅವಳು ಗೋಡೆಗೆ ಮುಖ ಮಾಡಿ ಒರಗಿದ್ದಳು. ನನ್ನ ಹೆಜ್ಜೆ ಕೇಳಿಯೇ ಗೊತ್ತಾಯಿತೇನೋ.

"ಕುಂಡ ನೋಡಿದ್ರೇನು?"

"ನೋಡೀನಿ."

"ಗಿಡಕ್ಕ ಹಾಕಬೇಕಂತನ ತಂಬಗಿ ಎತ್ತತಿದ್ನಿರಿ. ಖರೇನ ಹೇಳ್ತೇನಿ. ಕೈಯಾಗ ಬಂದಮ್ಯಾಲ ಬಾಯಿಗೆ ಹೋಗತಿತ್ತು." ಈ ಕಡೆ ಹೊರಳಿ ಕೇಳಿದಳು: "ಸತ್ತದೇನ್ರಿ ಅದು?"

"ಇಲ್ಲ. ಬದುಕ್ಯದ."

"ನೀರಿಲ್ದ ಅದಕ್ಕ ಇರಾಕ ಬರ್ತದ. ನನಗ ಯಾಕ ಬರವಲ್ದು?"

ಜೋಡಿಸಿಕೊಂಡ ಮಾತು ಬಿಟ್ಟು, ತಂದ ಹೊದಿಕೆಯನ್ನು ಅವಳಿಗೆ ಹೊದಿಸಿದೆ.

ಮನೆಗೆ ಬಂದ ಮೇಲೆ ನಾನು ಪೊಲೀಸನಾದೆ. ಕೊಡಗಳನ್ನು ಅಡುಗೆಮನೆಯಲ್ಲಿಟ್ಟು ಕೀಲಿ ಹಾಕಿದೆ. ಬಚ್ಚಲಿನ ನಲ್ಲಿ ಬಂದ್ ಮಾಡಿದೆ. ಅಂಗಡಿಯನ್ನು ಅರ್ಧ ದಿನಕ್ಕಿಳಿಸಿ ಮಂಚದ ಎದುರು ಕುರ್ಚಿ ಹಾಕಿಕೊಂಡು ಕುಳಿತೆ. ಬಾಯಿ ಮುಕ್ಕಳಿಸುವಾಗಲೂ ಪಕ್ಕದಲ್ಲೇ ನಿಂತು, ಉಗುಳಿದಳೋ ಇಲ್ಲವೋ ನೋಡುತ್ತಿದ್ದೆ. ಅವಳು ನನ್ನೊಡನೆ ಮಾತು ಬಿಟ್ಟಳು. ಇಷ್ಟು ವರ್ಷದ ಸಂಸಾರದಲ್ಲಿ ಜಗಳ ಬೇಕಾದಷ್ಟು ಆಡಿದ್ದೇವೆ. ಇಂಥ ಮೌನ ಇರಲಿಲ್ಲ. ರೋಗ ಅವಳ ಕಿಡ್ನಿ ತಿಂದಿತ್ತು. ಈಗ ಉಳಿದ ಅವಳನ್ನು ನಾನು ತಿನ್ನುತ್ತಿದ್ದೇನೆಯೇ ಎಂದು ಎದುರಿಗೆ ಕುಳಿತು ಯೋಚಿಸುತ್ತಿದ್ದೆ, ಆದರೂ ಕುರ್ಚಿಯಿಂದ ಏಳುತ್ತಿರಲಿಲ್ಲ. ಎದ್ದರೆ ಆಟೋದಲ್ಲಿ ಕೇಳಿದ್ದ ಅವಳ ಎದೆಯ ಆ ಗುಳುಗುಳು ಸದ್ದು ಕಿವಿಗೆ ಬರುತ್ತಿತ್ತು.

ಗಿಡದ ಕೆಲಸವೂ ನನಗೇ ಬಂತು. ಸುಕ್ಕುಬಿದ್ದ ಎಲೆ ನೋಡಲಾಗುತ್ತಿರಲಿಲ್ಲ. ನರ್ಸರಿಯ ಮರಳುಮಣ್ಣು ನನಗೆ ಮಣ್ಣೇ ಅನ್ನಿಸಲಿಲ್ಲ. ಗೆಳೆಯನ ಹೊಲದಿಂದ ಒಳ್ಳೆಯ ಕಪ್ಪು ಎರೆಮಣ್ಣು ತಂದು ಕುಂಡ ತುಂಬಿದೆ. ತೊಗರಿ, ಜೋಳ ಬೆಳೆಯುವ ಮಣ್ಣು; ಇದಕ್ಕಿಂತ ಬೇರೆ ಏನು ಬೇಕು? ಅದಕ್ಕಾದರೂ ಹೊಟ್ಟೆ ತುಂಬ ಸಿಗಲಿ ಎಂದು ನೀರು ಹಾಕಿದೆ. ಎರಡು ವಾರ ಎಂದು ಮಗಳು ಹೇಳಿದ್ದು ಗೊತ್ತಿದ್ದೂ, ಕೈ ತಡೆಯಲಿಲ್ಲ. ಮತ್ತೆ ಮತ್ತೆ ಹಾಕಿದೆ. ಎಲೆ ತುಂಬಿಕೊಂಡವು. ಆಮೇಲೆ ಬುಡ ಹಳದಿಯಾಯಿತು. ಒಂದು ಎಲೆ ಮುಟ್ಟಿದರೆ ಬೆಂದ ಬದನೆಕಾಯಿಯಂತೆ ಮೆತ್ತಗಾಗಿ ಪಕ್ಕಕ್ಕೆ ಮಲಗಿತು. ಕೆಟ್ಟ ವಾಸನೆ.

"ನೀರು ಹಾಕಿ ಹಾಕಿ ಸಾಯಿಸ್ತೀರಿ ಅದನ್ನ."

ಎಷ್ಟೋ ದಿನದ ಮೇಲೆ ಕೇಳಿದ ಅವಳ ಧ್ವನಿ. ಬೆಚ್ಚಿಬಿದ್ದೆ.

"ಎರೆಮಣ್ಣು ನೀರು ಹಿಡದು ಕುಂದರತದ. ಬೇರು ಕೊಳತಾವ. ಕುಂಡ ಡಬ್ಬ ಹಾಕ್ರಿ."

ಮಂಚದಲ್ಲಿ ಕುಳಿತು ಒಂದೊಂದೇ ಹೇಳಿದಳು. ನಾನು ಮಾಡಿದೆ. ಕುಂಡ ಬೋರಲು ಹಾಕಿದರೆ ಬೇರು ಕಪ್ಪಾಗಿ ಜಿಗಟಾಗಿದ್ದವು. ಕೊಳೆತದ್ದನ್ನೆಲ್ಲ ಕೊಯ್ದು ಎಸೆಸಿದಳು. ಗಟ್ಟಿ ಉಳಿದ ಕೆಲವು ಎಲೆಗಳನ್ನು ತುಂಡು ಮಾಡಿಸಿ, ಯಾವ ತುದಿ ಕೆಳಗಿನದೆಂದು ಗುರುತು ಹಾಕಿಸಿದಳು. "ತಲಿ ಕೆಳಗ ಮಾಡಿ ಹಚ್ಚಿದ್ರ ಬೇರು ಬಿಡಂಗಿಲ್ಲಂತ ಸವಿತಾ ಹೇಳ್ಯಾಳ." ನಾಟುವ ಮುಂಚೆ ನೆರಳಿನಲ್ಲಿ ಕೆಲವು ದಿನ ಹಾಗೇ ಇಡಬೇಕು, ಕೊಯ್ದ ಗಾಯ ಒಣಗಬೇಕು ಎಂದಳು.

"ಬರೇ ಮರಳಿನಾಗ ಹಚ್ಚರಿ. ನೀರು ನಾ ಹೇಳಿದಾಗ ಹಾಕ್ರಿ. ಬೇರೆ ಟೈಮಿನಾಗ ಮುಟ್ಟಬ್ಯಾಡ್ರಿ."

ಕೈ ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕುಳಿತೆ. ಆಗ ಅವಳು ನೇರವಾಗಿ ನನ್ನನ್ನು ನೋಡಿದಳು.

"ಕೀಲಿ ತೆಗೀರಿ ಇನ್ನ. ಒಂದು ಬಾಟಲಿಗೆ ಗೆರಿ ಹಾಕಿ ಕೊಡ್ರಿ. ನಾನ ಕುಡೀತೇನಿ, ನಾನ ಉಳಸ್ತೇನಿ."

"ಮತ್ತ ಹಂಗ ಆದ್ರ?"

"ಆದ್ರ ನನ್ನ ಕೈಲೆ ಆಗಲಿ. ನೀವು ಕಾಯ್ಕೊಂಡು ಕುಂತಷ್ಟು ನನಗ ನೀರಡಿಕಿ ಹೆಚ್ಚಾಗ್ತದ."

ಕೀಲಿ ತೆಗೆದೆ. ಮರುದಿನ ಅಂಗಡಿಗೆ ಹೋಗಿ ಕುಳಿತೆ. ತಂತಿ ಸುತ್ತುವಾಗ ಎಣಿಕೆ ತಪ್ಪಿ ಎರಡು ಸಲ ಬಿಚ್ಚಿದೆ.

ಎಲ್ಲವೂ ಸರಿಹೋಯಿತು ಎಂದು ಬರೆಯಲಾರೆ. ಒಮ್ಮೊಮ್ಮೆ ಗೆರೆ ದಾಟುತ್ತಾಳೆ. ದಾಟಿದ ದಿನ ತಾನೇ ಹೇಳುತ್ತಾಳೆ, ಮರುದಿನ ಕಡಿಮೆ ಮಾಡುತ್ತಾಳೆ. ಡಯಾಲಿಸಿಸ್ ಮುಗಿದ ಮೇಲೆ ಕಾಲು ಹಿಡಿದುಕೊಂಡು ನರಳುತ್ತಾಳೆ. ಕೆಲವು ದಿನ, ಸಾಕು ಬಿಡಿ, ಮಷಿನು ಬೇಡ ಅನ್ನುತ್ತಾಳೆ. ನಾನು ಆಟೋ ಕರೆಯಲು ಹೋಗುತ್ತೇನೆ. ಮರಳಿನಲ್ಲಿ ನೆಟ್ಟ ತುಂಡುಗಳಲ್ಲಿ ಒಂದು ಮಾತ್ರ ಉಳಿದುಕೊಂಡಿತು. ಮಳೆಗಾಲ ಕಳೆಯುವ ಹೊತ್ತಿಗೆ ಪಕ್ಕದಿಂದ ಬೆರಳಷ್ಟು ಮೊಳಕೆ ಬಂತು. ಅಂಚಿಗೆ ಹಳದಿ ಗೆರೆ ಬರಲಿಲ್ಲ, ಬರೀ ಹಸಿರು. ತುಂಡಿನಿಂದ ಬಂದದ್ದು ಹಾಗೇ ಅಂತೆ.

ಹೋದ ಅಮಾವಾಸ್ಯೆಗೆ ಘತ್ತರಗಿಯ ದೇವಿಯ ಗುಡಿಗೆ ಹೋಗೋಣ ಎಂದಳು. ಗುಡಿಯ ಪಕ್ಕದ ಭೀಮಾ ಹೊಳೆಯಲ್ಲಿ ನೀರು ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕುಳಿತು ಕಾಲು ಇಳಿಬಿಟ್ಟಳು. ನಾನು ಅವಳಿಗೂ ಹೊಳೆಗೂ ನಡುವೆ ಒಂದು ಮೆಟ್ಟಿಲು ಕೆಳಗೆ ಕುಳಿತೆ.

"ಹೊಳಿ ಪೂರಾ ಕುಡೀತೇನೇನ್ರಿ ನಾ? ಈ ಕಡೆ ಸರೀರಿ" ಎಂದು ನಕ್ಕಳು.

ಗುಡಿಯಲ್ಲಿ ಪೂಜಾರಿ ತೀರ್ಥದ ಚಮಚ ಎತ್ತಿದಾಗ ನನ್ನ ಕೈ ತಾನಾಗಿಯೇ ಅಡ್ಡ ಹೋಯಿತು. ಅವಳು ನನ್ನ ಕೈಯನ್ನು ನೋಡಿದಳು. ನಾನು ಹಿಂದಕ್ಕೆ ತೆಗೆದುಕೊಂಡೆ. ಅಂಗೈಯಲ್ಲಿ ಬಿದ್ದ ತೀರ್ಥವನ್ನು ಅವಳು ಕಣ್ಣು ಮುಚ್ಚಿ, ಬಹಳ ನಿಧಾನವಾಗಿ ಕುಡಿದಳು. ಹನಿಯೂ ಬೀಳಲಿಲ್ಲ. ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡಳು.

ಬಸ್ಸಿನ ಕಡೆ ನಡೆಯುವಾಗ ಹೇಳಿದಳು: "ಸಂಜಿ ಚಾ ನನಗ ಹಾಕಬ್ಯಾಡ್ರಿ."

"ಒಂದ ಚಮಚ ತೀರ್ಥಕ್ಕ ಚಾ ಯಾಕ ಬಿಡ್ತಿ?"

"ಅದು ನನಗ ಬಿಡ್ರಿ."

ಬಿಟ್ಟೆ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮರುದಿನ ಡಯಾಲಿಸಿಸ್ ಇತ್ತು, ತೂಕ ಎಷ್ಟು ಬರುವುದೋ ಎಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಹೆಗಲು ಭಾರವಾಯಿತು. ನೋಡಿದರೆ ಅವಳು ತಲೆ ಆನಿಸಿ ನಿದ್ದೆ ಹೋಗಿದ್ದಳು. ಕಿವಿಗೊಟ್ಟು ಕೇಳಿದೆ. ಉಸಿರು ಸದ್ದಿಲ್ಲದೆ ಹೋಗಿ ಬರುತ್ತಿತ್ತು.